ಹೊಳೆ ಡೊಂಕಾದದ್ದು

ನೆಲ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳ ಮೇಲೆ ಹುಲ್ಲು ಹುಟ್ಟಿರಲಿಲ್ಲ. ಆಗ ಹೊಳೆ ಹಗ್ಗ ಎಳೆದ ಹಾಗೆ ನೆಟ್ಟಗೆ ಹರಿಯುತ್ತಿದ್ದಳು. ಬೆಟ್ಟದಿಂದ ಕಡಲಿಗೆ ಓಡುವುದು, ಅವಳಿಗೆ ಗೊತ್ತಿದ್ದದ್ದು ಅಷ್ಟೇ.

ದಡದಲ್ಲಿ ಗಾದಿಲಿಂಗ ಎಂಬ ಅಂಬಿಗನಿದ್ದ. ಬಿದಿರು ಹೆಣೆದು ತೊಗಲು ಹೊದಿಸಿದ ದುಂಡನೆಯ ಹರಿಗೋಲಿನಲ್ಲಿ ಜನರನ್ನು ದಾಟಿಸುತ್ತಿದ್ದ. ಹೆಂಡತಿ ತೀರಿಕೊಂಡಿದ್ದಳು. ಕೆಂಚವ್ವ ಎಂಬ ಪುಟ್ಟ ಮಗಳಿದ್ದಳು.

ನೆಟ್ಟನೆಯ ಹೊಳೆಗೆ ಸೆಳವು ಬಹಳ. ಪ್ರತಿ ಸಲವೂ ಹರಿಗೋಲು ದೂರ ಕೆಳಕ್ಕೆ ಹೋಗಿ ದಡ ಮುಟ್ಟುತ್ತಿತ್ತು. ಗಾದಿಲಿಂಗ ಅದನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು ದಡದಗುಂಟ ಮೇಲಕ್ಕೆ ನಡೆಯುತ್ತಿದ್ದ. ಸೊಂಟದವರೆಗೆ ಅದರೊಳಗೆ ಮುಚ್ಚಿಹೋಗುತ್ತಿದ್ದ. ಕಾಣುವುದು ತನ್ನ ಪಾದ ಮಾತ್ರ. ಹಿಂದೆ ಗೆಜ್ಜೆ ಸದ್ದಾದರೆ ಮಗಳು ಬರುತ್ತಿದ್ದಾಳೆ ಎಂದು ತಿಳಿಯುತ್ತಿದ್ದ.

"ಅಪ್ಪಾ, ನೀನು ಆಮೆ," ಅನ್ನುತ್ತಿದ್ದಳು ಕೆಂಚವ್ವ.

"ಆಮೆಮರಿ, ಸುಮ್ಮನೆ ಬಾ," ಅನ್ನುತ್ತಿದ್ದ.

ಒಂದು ದಿನ ಮಳೆ ಹಿಡಿಯಿತು. ತೊಗಲಿನ ಮೇಲೆ ಹನಿ ಬಡಿಯುವ ಸದ್ದು. ಬೇರೇನೂ ಕೇಳಿಸಲಿಲ್ಲ. ಗಾದಿಲಿಂಗ ನಡೆದೇ ನಡೆದ. ಹರಿಗೋಲು ಇಳಿಸಿ ತಿರುಗಿ ನೋಡಿದ. ಮಗಳಿಲ್ಲ. ಬಂದ ದಾರಿಯಲ್ಲೇ ಓಡಿದ. ಕೆಸರಿನಲ್ಲಿ ಪುಟ್ಟ ಕಾಲು ಜಾರಿದ ಗುರುತು ನೀರಿನವರೆಗೂ ಇತ್ತು.

"ಎವ್ವಾ, ನನ್ನ ಮಗಳೆಲ್ಲಿ?" ಎಂದು ಹೊಳೆಯನ್ನು ಕೇಳಿದ.

"ನನಗೇನು ಗೊತ್ತೋ?" ಅಂದಳು ಹೊಳೆ. "ಮರ ಬೀಳುತ್ತದೆ, ಕರು ಬೀಳುತ್ತದೆ. ಓಡುವವಳು ಮಡಿಲು ನೋಡಿಕೊಳ್ಳುತ್ತಾ ಕೂರಲೇನು?"

"ನಿಲ್ಲು."

"ನಿಂತರೆ ನಾರುತ್ತೇನೆ."

ಕಲ್ಲಿನ ಮೇಲೆ ಮುದಿ ಆಮೆಯೊಂದು ಕೂತಿತ್ತು. "ಹೊತ್ತದ್ದನ್ನು ಅವಳು ಇಳಿಸುವುದು ನಿಧಾನವಾದಾಗ ಮಾತ್ರ," ಅಂದಿತು. "ನೆಟ್ಟಗೆ ಓಡುವವಳು ನಿಧಾನವಾಗುವುದು ಕಡಲಿನಲ್ಲೇ. ಅಷ್ಟು ದೂರ ಹೋಗುತ್ತೀಯೇನು, ಎರಡು ಕಾಲಿನವನೇ?"

ಗಾದಿಲಿಂಗ ಬೆಟ್ಟದತ್ತ ನಡೆದ. ಬೆಟ್ಟದ ಬುಡದಿಂದ ಬಂಡೆ ಉರುಳಿಸಿ ತಂದು ಹೊಳೆಯೊಳಕ್ಕೆ ನೂಕಿದ. ಮತ್ತೊಂದು ತಂದ. ಮಳೆಗಾಲ ಮುಗಿಯಿತು. ಅಂಗೈ ಸುಲಿಯಿತು. ನೂಕುತ್ತಲೇ ಇದ್ದ.

ಹೊಳೆಯ ದಾರಿ ಕಟ್ಟಿತು. ಆಚೆ ದಡಕ್ಕೆ ಹೋಗಿ ಬಡಿದಳು. ಅಲ್ಲಿನ ಮಣ್ಣು ಕಿತ್ತುಬಂತು. ಅಲ್ಲಿಂದ ಈಚೆಗೆ ಹೊರಳಿದಳು. ತಿರುವಿನ ಒಳಬದಿಯಲ್ಲಿ ನೀರು ಮೆಲ್ಲಗಾಯಿತು. ಮೆಲ್ಲಗಾದಲ್ಲಿ ಅವಳ ಕೈ ಸಡಿಲಾಯಿತು. ಹೊತ್ತದ್ದನ್ನೆಲ್ಲ ಇಳಿಸಿದಳು. ಮರಳು, ಕಪ್ಪೆಚಿಪ್ಪು, ಬೇರು. ಮರಳಿನಲ್ಲಿ ಒಂದು ಕಾಲ್ಗೆಜ್ಜೆ.

ಗಾದಿಲಿಂಗ ಅದನ್ನು ನೀರಿನ ಮುಂದೆ ಹಿಡಿದ. ತಾನು ಒಯ್ದದ್ದು ಏನೆಂದು ಹೊಳೆ ಮೊದಲ ಸಲ ನೋಡಿದಳು.

"ಉಳಿದದ್ದನ್ನು ಹುಡುಕು," ಅಂದ.

"ಹುಡುಕುತ್ತೇನಪ್ಪ," ಅಂದಳು. "ಸಿಗುವವರೆಗೆ ನೆಟ್ಟಗೆ ಹರಿಯುವುದಿಲ್ಲ."

ಅವಳು ಅಗೆದಳು, ಅವನು ಮರಳು ಜಾಲಾಡಿದ. ಅವಳು ಅಗೆದಳು, ಅವನು ಜಾಲಾಡಿದ. ಹಾಗೇ ಮುದುಕನಾದ. ಒಂದು ದಿನ ಹರಿಗೋಲು ಬೋರಲು ಹಾಕಿ ಅದರಡಿ ಮಲಗಿದವನು ಏಳಲಿಲ್ಲ. ಗೆಜ್ಜೆ ಮುಷ್ಟಿಯಲ್ಲಿತ್ತು. ಹೊಳೆ ಮೆಲ್ಲಗೆ ಮರಳು ತಂದು ಮುಚ್ಚಿದಳು.

ಕೆಂಚವ್ವ ಸಿಗಲಿಲ್ಲ.

ಅದಕ್ಕೇ ಹೊಳೆ ಇವತ್ತಿಗೂ ಡೊಂಕು ಡೊಂಕಾಗಿ ಹರಿಯುತ್ತಾಳೆ. ಒಂದು ದಡವನ್ನು ಅಗೆದು ನೋಡುತ್ತಾಳೆ, ಇಲ್ಲಿಲ್ಲ ಎಂದು ಆ ಮಣ್ಣನ್ನು ಮುಂದಿನ ತಿರುವಿನಲ್ಲಿ ಮರಳುದಿಣ್ಣೆಯಾಗಿ ಇಳಿಸುತ್ತಾಳೆ, ಮತ್ತೆ ಎದುರು ದಡವನ್ನು ಅಗೆಯಲು ಹೋಗುತ್ತಾಳೆ.