ಗುಳ್ಳೆಗೊಬ್ಬ ಮಹಾರಾಜ

“ಈ ಬ್ರಹ್ಮಾಂಡದಲ್ಲಿ ನನ್ನಂಥ ರಾಜ ಇನ್ನೊಬ್ಬನಿಲ್ಲ!” ಎಂದು ಜಟ್ಟಿದೇವ ಮಹಾರಾಜರು ಕುತ್ತಿಗೆಯವರೆಗೆ ನೊರೆಯಲ್ಲಿ ಮುಳುಗಿಕೊಂಡು ಗುಡುಗಿದರು.

ಅವರ ರಾಜ್ಯ ನೆಲದ ಮೇಲಿರಲಿಲ್ಲ. ತೇಲುದುರ್ಗ ಅಂತ ಅದರ ಹೆಸರು. ಸುತ್ತ ಉಕ್ಕಿನ ಕೋಟೆ, ಕೆಳಗೆ ಬೆಂಕಿ ಉಗುಳುವ ಯಂತ್ರ; ಶನಿಗ್ರಹದ ಉಂಗುರಗಳ ಆಸುಪಾಸಿನಲ್ಲಿ ಓಡಾಡಿಕೊಂಡಿದ್ದ ಆಕಾಶನೌಕೆ ಅದು. ಅಲ್ಲಿನ ಜನ ಉಪವಾಸವಾದರೂ ಇದ್ದಾರು, ನೊರೆಸ್ನಾನ ಬಿಡಲಾರರು. ಉಲ್ಕೆ ಬಡಿದು ಗೋಡೆ ತೂತಾಯಿತೇ? ಮುಚ್ಚು, ಹೋಗಿ ತೊಟ್ಟಿಯಲ್ಲಿ ಕೂರು. ಕಳ್ಳನೌಕೆ ಬಂತೇ? ಗುಂಡು ಹಾರಿಸು, ಹೋಗಿ ತೊಟ್ಟಿಯಲ್ಲಿ ಕೂರು. ಒಮ್ಮೆ ಎರಡೂ ಕಡೆಯವರಿಗೆ ಒಟ್ಟಿಗೇ ಸ್ನಾನದ ಹೊತ್ತಾಗಿ ಯುದ್ಧವೇ ಮರೆತುಹೋಯಿತು. ಯಾರು ಗೆದ್ದರೋ ಇವತ್ತಿಗೂ ಗೊತ್ತಿಲ್ಲ. ಎಲ್ಲರ ಮೈಯೂ ಘಮಘಮ ಅನ್ನುತ್ತಿತ್ತು ಅನ್ನುವುದಷ್ಟೇ ಇತಿಹಾಸ.

ಮಹಾರಾಜರಂತೂ ಆಸ್ಥಾನ ನಡೆಸುತ್ತಿದ್ದದ್ದೇ ತೊಟ್ಟಿಯಿಂದ. ಬಂಗಾರದ ತೊಟ್ಟಿ, ಸುತ್ತ ಕೈಕಟ್ಟಿ ನಿಂತ ಮಂತ್ರಿಮಾನ್ಯರು. ಆ ದಿನ ಅವರು ಒಂದು ಗುಳ್ಳೆಯನ್ನು ಮೆಲ್ಲಗೆ ಅಂಗೈ ಮೇಲೆ ಎತ್ತಿಕೊಂಡರು. ಅದರಲ್ಲಿ ಅವರದೇ ಮುಖ, ಅವರದೇ ಮೀಸೆ. ಮೂಗು ಸ್ವಲ್ಪ ಊದಿಕೊಂಡಿತ್ತು, ಅಷ್ಟೇ.

“ನೋಡಿದಿರೇನ್ರಯ್ಯಾ! ಗುಳ್ಳೆಗೊಬ್ಬ ಜಟ್ಟಿದೇವ! ಇದು ಬರೀ ನೊರೆಯಲ್ಲ, ನನ್ನ ಅವತಾರಗಳು. ಇವತ್ತಿನಿಂದ ಪ್ರತಿ ಗುಳ್ಳೆಯೂ ಮಹಾರಾಜನೇ. ಒಡೆದವರಿಗೆ ರಾಜಹತ್ಯೆಯ ಶಿಕ್ಷೆ!”

‘ಈಗಷ್ಟೇ ಇನ್ನೊಬ್ಬನಿಲ್ಲ ಅಂದರಲ್ಲಪ್ಪ’ ಅನ್ನುವ ಮಾತು ವಿದೂಷಕ ಬೊಮ್ಮರಸನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡ. ಉಳಿದವರೆಲ್ಲ “ಬಹುಪರಾಕ್!” ಎಂದು ಕೂಗಿದರು. ಕೂಗುವುದಕ್ಕೆ ತಾನೇ ಅವರಿಗೆ ಸಂಬಳ.

ಅಷ್ಟರಲ್ಲಿ ಸಾತವ್ವ ಬಿಸಿನೀರಿನ ಚೆಂಬು ಹಿಡಿದು ಬಂದಳು. ಮಹಾರಾಜರು ತೊಟ್ಟಿಲಲ್ಲಿದ್ದಾಗಿನಿಂದಲೂ ನೀರು ಹೊಯ್ಯುತ್ತಿದ್ದ ಮುದುಕಿ. ಹೊಸ ಕಾನೂನು ಅವಳ ಕಿವಿಗೆ ಬಿದ್ದಿರಲಿಲ್ಲ.

“ತಲೆ ಬಗ್ಗಿಸಪ್ಪಾ, ಕಿವಿ ಹಿಂದೆ ಕೊಳೆ ಹಾಗೇ ಕೂತದೆ” ಅಂದವಳೇ ಸುರಿದೇಬಿಟ್ಟಳು. ಚಟಚಟ ಚಟಚಟ.

ಆಸ್ಥಾನದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು.

“ಸಾತವ್ವಾ! ಎಷ್ಟು ಜನ ಮಹಾರಾಜರನ್ನು ಕೊಂದೆ ಗೊತ್ತೇನೇ?”

“ಅಯ್ಯೋ ನನ್ನಪ್ಪನೇ, ನೊರೆ ತೊಳೀದೆ ಬಿಟ್ರೆ ಮೈ ಕಡಿಯಕ್ಕಿಲ್ವಾ?”

“ದಳವಾಯಿ! ಇವಳಿಗೆ ಕೋಳ ಹಾಕು. ನೌಕೆಯ ಬಾಗಿಲು ತೆಗೆದು ಆಚೆ ತಳ್ಳು!”

ಆಚೆ ಅಂದರೆ ಗಾಳಿಯಿಲ್ಲ, ನೆಲವಿಲ್ಲ, ಬರೀ ಕತ್ತಲು. ಸಾತವ್ವ ಚೆಂಬನ್ನು ಎದೆಗೆ ಅಪ್ಪಿಕೊಂಡಳು. ದಳವಾಯಿ ಕೆಂಚನಾಯಕ ಕೋಳ ತೆಗೆದ. ಅವನು ಹುಟ್ಟಿದಾಗಿನಿಂದ ಒಂದು ಕಾನೂನನ್ನೂ ಮುರಿದವನಲ್ಲ, ಒಂದು ಕಾನೂನಿನ ಬಗ್ಗೆಯೂ ಯೋಚಿಸಿದವನಲ್ಲ.

ಬೊಮ್ಮರಸ ಒಂದು ಹೆಜ್ಜೆ ಮುಂದಿಟ್ಟ. ಕಾಲಿಗೆ ಬಿದ್ದು ಬೇಡೋಣವೇ? ಬೇಡಿಕೊಂಡಷ್ಟೂ ಜಟ್ಟಿದೇವರ ಹಟ ಜಾಸ್ತಿ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಚಪ್ಪಾಳೆ ತಟ್ಟಿದ.

“ಭೇಷ್ ಪ್ರಭು! ರಾಜಹತ್ಯೆ ಅಂದರೆ ಹುಡುಗಾಟವೇ? ತಳ್ಳಲೇಬೇಕು. ಆದರೆ ಮರಣದಂಡನೆಗೆ ಮಹಾರಾಜರ ಅಪ್ಪಣೆ ಬೇಕಲ್ಲ.”

“ಕೊಟ್ಟೆನಲ್ಲೋ!”

“ನೀವು ಕೊಟ್ಟಿರಿ. ಉಳಿದ ಮಹಾರಾಜರು?”

ಬೊಮ್ಮರಸ ತೊಟ್ಟಿಯ ಪಕ್ಕ ಮಂಡಿಯೂರಿ ಒಂದು ಗುಳ್ಳೆಗೆ ಕೈಮುಗಿದ. “ಧೂಮಕೇತುವಿನ ಬಾಲ ತಿರುಚಿದ ಧೀರ, ಉಲ್ಕೆಗಳ ಗಂಡ, ಶನಿಯ ಉಂಗುರ ತೊಟ್ಟ ಜಟ್ಟಿದೇವ ಮಹಾರಾಜ, ಏನಪ್ಪಣೆ?” ಕಿವಿಯಿಟ್ಟು ಕೇಳಿದ. “ಇವರು ಯೋಚನೆ ಮಾಡ್ತಿದ್ದಾರೆ.” ಪಕ್ಕದ ಗುಳ್ಳೆಗೆ ತಿರುಗಿದ. ಮತ್ತೆ ಅದೇ ಬಿರುದಾವಳಿ, ಒಂದಕ್ಷರ ಬಿಡದೆ. “ಇವರು ಮುನಿಸಿಕೊಂಡಂತಿದೆ.” ಮೂರನೆಯದಕ್ಕೆ ಬಗ್ಗಿದ.

“ಸಾಕು ಮಾಡೋ! ನೀರು ಆರ್ತಾ ಇದೆ, ನಾನು ಏಳ್ತೀನಿ.”

“ಅಯ್ಯಯ್ಯೋ, ಕದಲಬೇಡಿ ಪ್ರಭು! ನಿಮ್ಮ ಬೆನ್ನಿಗೆ ಒರಗಿಕೊಂಡು ಒಂದು ರಾಜವಂಶವೇ ಕೂತಿದೆ. ತೊಡೆ ಮೇಲೆ ಇನ್ನೊಂದು.”

ಮಹಾರಾಜರು ಎದ್ದವರು ಅರ್ಧಕ್ಕೇ ನಿಂತರು. ಏಳುವಂತಿಲ್ಲ, ಕೂರುವಂತಿಲ್ಲ. ಮೈಯೆಲ್ಲ ಕಡಿತ, ಕೆರೆಯುವಂತಿಲ್ಲ. ಆಗ ಒಂದು ಪುಟ್ಟ ಗುಳ್ಳೆ ತೇಲುತ್ತ ತೇಲುತ್ತ ಬಂದು ಅವರ ಮೂಗಿನ ತುದಿಯಲ್ಲಿ ಕೂತಿತು.

“ಬೊಮ್ಮರಸಾ... ಮೂಗು... ಕಚಗುಳಿ...”

“ತಡೆದುಕೊಳ್ಳಿ ಪ್ರಭು! ಅವರೂ ಮಹಾರಾಜರೇ!”

“ಆ... ಆ... ಆಕ್ಷೀ!”

ಅಂಥಿಂಥ ಸೀನಲ್ಲ ಅದು. ನೌಕೆ ದಾರಿ ಬಿಟ್ಟು ಒಂದು ಗೇಣು ಪಕ್ಕಕ್ಕೆ ಸರಿಯಿತು. ತೊಟ್ಟಿಯ ಮೇಲಿದ್ದ ನೊರೆಯ ಬೆಟ್ಟ ಹೇಳಹೆಸರಿಲ್ಲದೆ ಅಡಗಿಹೋಯಿತು.

ಬೊಮ್ಮರಸ ಎದೆ ಎದೆ ಬಡಿದುಕೊಂಡ. “ಹೋಯ್ತಪ್ಪಾ, ರಾಜವಂಶವೆಲ್ಲ ನಿರ್ನಾಮವಾಯ್ತು! ದಳವಾಯಿಗಳೇ, ಏನು ನೋಡ್ತಾ ನಿಂತಿದ್ದೀರಿ? ಕಾನೂನು ಏನು ಹೇಳುತ್ತೆ?”

ಕೆಂಚನಾಯಕ ಕಾನೂನನ್ನು ನೆನಪಿಸಿಕೊಂಡ. ಸಾತವ್ವನನ್ನು ಬಿಟ್ಟು, ಕೋಳ ಹಿಡಿದು ನೆಟ್ಟಗೆ ತೊಟ್ಟಿಯ ಹತ್ತಿರ ಬಂದ.

“ಏ ಕೆಂಚಾ! ತಲೆ ಕೆಟ್ಟಿದೆಯೇನೋ? ನಾನು ಮಹಾರಾಜ ಕಣೋ!”

ಕೆಂಚನಾಯಕ ಬೊಮ್ಮರಸನ ಕಡೆ ನೋಡಿದ. ಬೊಮ್ಮರಸ ವಿನಯದಿಂದ ಕೈಮುಗಿದ.

“ಸತ್ತವರೆಲ್ಲ ಹಾಗೇ ಅಂದುಕೊಂಡಿದ್ದರು, ಪ್ರಭು.”

ಮಹಾರಾಜರು ಕೋಳ ನೋಡಿದರು, ಚೆಂಬು ಅಪ್ಪಿಕೊಂಡು ನಿಂತ ಸಾತವ್ವನನ್ನು ನೋಡಿದರು. ಮೀಸೆ ಮೊದಲು ಅದುರಿತು, ಆಮೇಲೆ ಹೊಟ್ಟೆ. ನಗು ತೊಟ್ಟಿಯಿಂದ ಆಚೆ ಚೆಲ್ಲಿ ಮಂತ್ರಿಗಳ ಕಾಲು ತೋಯಿಸಿತು.

“ಬಿಡ್ರೋ ಅವಳನ್ನ! ನೊರೆ ನೊರೆಯೇ, ನಾನು ನಾನೇ. ಸಾತವ್ವಾ, ಬಾರೇ, ಕಿವಿ ಹಿಂದೆ ಉಜ್ಜು. ಬೊಮ್ಮರಸಾ, ಈ ಬಂಗಾರದ ತೊಟ್ಟಿ ಇವತ್ತಿನಿಂದ ನಿನ್ನದು. ನಾನು ಎದ್ದ ಕೂಡಲೇ ಇಳಿ!”

ಬೊಮ್ಮರಸ ತೊಟ್ಟಿಯೊಳಗೆ ಬಗ್ಗಿ ನೋಡಿ, ಮುಖ ಸಿಂಡರಿಸಿದ.

“ತೊಟ್ಟಿ ಬೇಡ ಅನ್ನೋದಿಲ್ಲ ಪ್ರಭು. ನೀರು ಮಾತ್ರ ಬೇರೆ ಹಾಕಿಸಿ. ಇದರಲ್ಲಿ ಅಷ್ಟು ಜನ ಸತ್ತಿದ್ದಾರೆ, ಸೂತಕ!”