ಎತ್ತಿಗೆ ನೀರು

"ಗುರುಗಳೇ, ಕೆಲಸ ಮಾಡದ ಸಾಲನ್ನು ತೆಗೆದರೆ ಕೆಲಸ ಯಾಕೆ ಕೆಡುತ್ತದೆ?" ಎಂದು ಶಿಷ್ಯೆ ಕೇಳಿದಳು.

ಅವಳು ತನ್ನೂರಿನ ಹಾಲಿನ ಡೇರಿಯ ತೂಕದ ಪ್ರೋಗ್ರಾಮನ್ನು ಹಳೆಯ ಭಾಷೆಯಿಂದ ಹೊಸ ಭಾಷೆಗೆ ತಿರುಗಿಸಿ ಬರೆದಿದ್ದಳು. ಹಳೆಯದರಲ್ಲಿ, ಕ್ಯಾನನ್ನು ತಕ್ಕಡಿಯ ಮೇಲಿಟ್ಟ ನಂತರ ಯಂತ್ರ ಸುಮ್ಮನೆ ಒಂದರಿಂದ ಸಾವಿರದವರೆಗೆ ಎಣಿಸುತ್ತಿತ್ತು. ಆ ಎಣಿಕೆ ಮುಂದೆ ಎಲ್ಲೂ ಬಳಕೆಯಾಗುತ್ತಿರಲಿಲ್ಲ. ಅವಳು ಅದನ್ನು ಕೈಬಿಟ್ಟಳು. ಈಗ ಒಂದೇ ಕ್ಯಾನನ್ನು ಮೂರು ಸಲ ಇಟ್ಟರೆ ತಕ್ಕಡಿ ಮೂರು ಬೇರೆ ಬೇರೆ ತೂಕ ತೋರಿಸುತ್ತಿತ್ತು. ಮರುದಿನ ಬೆಳಿಗ್ಗೆ ಊರಿನವರೆಲ್ಲ ಹಾಲು ತರುವವರಿದ್ದರು.

"ಹಳೆಯದನ್ನು ಬರೆದವರು ಏನನ್ನೋ ಮುಚ್ಚಿಟ್ಟಿದ್ದಾರೆ" ಎಂದಳು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಮುದುಕ ಬೆಲ್ಲ ಮಾಡುತ್ತಿದ್ದ. ಅವನ ಗಾಣವನ್ನು ಎತ್ತುಗಳು ತಿರುಗಿಸುತ್ತಿದ್ದವು. ಎಂಜಿನ್ನಿನ ಗಾಣ ಹಾಕಿಸಿದ ಒಬ್ಬ ರೈತ ಕೆಲಸ ಕಲಿಯಲು ಅವನ ಬಳಿಗೆ ಹೋದ. ಮುದುಕ ಎಲ್ಲವನ್ನೂ ಹೇಳಿದ. ಕಬ್ಬಿನ ಹಾಲು ಕುದಿಸು. ಕೊಳೆ ತೆಗೆ. ಹದ ಬಂದಾಗ ಪಾಕವನ್ನು ಅಗಲವಾದ ತಟ್ಟೆಗೆ ಸುರಿ. ಹೋಗಿ ಎತ್ತುಗಳಿಗೆ ನೀರು ಕುಡಿಸಿ ಬಾ. ಆಮೇಲೆ ಅಚ್ಚಿಗೆ ತುಂಬು. ರೈತ ಒಂದನ್ನೂ ಬಿಡದೆ ಬರೆದುಕೊಂಡ. ಮನೆಗೆ ಬಂದು ಎತ್ತಿನ ಸಾಲನ್ನು ಹೊಡೆದುಹಾಕಿದ. ಅವನ ಬಳಿ ಎತ್ತೇ ಇರಲಿಲ್ಲ.

ಬೆಲ್ಲ ಅಚ್ಚಿಗೆ ಅಂಟಿಕೊಂಡಿತು. ಬಡಿದರೆ ಒಡೆಯಿತು. ಮೂರು ಕೊಪ್ಪರಿಗೆ ಹೀಗೆ ಹಾಳಾಗಿ, ವರ್ಷದ ಬೆಳೆಯಲ್ಲಿ ಒಂದೇ ಒಂದು ಗಾಡಿ ಕಬ್ಬು ಉಳಿಯಿತು. ರೈತ ಸಿಟ್ಟಿನಿಂದ ಮುದುಕನ ಮುಂದೆ ಹೋಗಿ ನಿಂತ.

"ತಾತ, ಗುಟ್ಟು ನೀನಿಟ್ಟುಕೊಂಡು ಸಿಪ್ಪೆ ನನಗೆ ಕೊಟ್ಟೆಯಲ್ಲ!"

"ಎತ್ತಿಗೆ ನೀರು ಕುಡಿಸಿದೆಯೇನಪ್ಪಾ?"

"ಎತ್ತೆಲ್ಲಿದೆ? ಇರುವುದು ಎಂಜಿನ್."

"ಹಾಗಾದರೆ ಎಂಜಿನ್ನಿಗೇ ಕುಡಿಸು. ಅದಕ್ಕೂ ಬಾಯಾರುತ್ತದಂತಲ್ಲ!" ಎಂದು ಮುದುಕ ನಕ್ಕ. "ಯಾಕೆ ಅಂತ ಮಾತ್ರ ನನ್ನನ್ನು ಕೇಳಬೇಡ. ನಮ್ಮಪ್ಪ ಹಾಗೆ ಮಾಡುತ್ತಿದ್ದ. ಅವನಿಗೆ ಹೇಳಿಕೊಟ್ಟವರು ಯಾರೋ."

ತನ್ನನ್ನು ಅಣಕಿಸಿದನೆಂದೇ ರೈತ ತಿಳಿದ. ಆದರೂ ಕೊನೆಯ ಕಬ್ಬು ಅರೆದ ದಿನ, ಪಾಕವನ್ನು ತಟ್ಟೆಗೆ ಸುರಿದು, ಕೊಡ ಹಿಡಿದು ಬಾವಿಗೆ ಹೋದ. ನೀರು ಸೇದಿ ತಂದು ಎಂಜಿನ್ನಿಗೆ ಹಾಕಿದ. ತಿರುಗಿ ನೋಡಿದರೆ ಪಾಕದ ಹಬೆ ಅಡಗಿತ್ತು, ಅಂಚು ಗಟ್ಟಿಯಾಗತೊಡಗಿತ್ತು. ಅಚ್ಚಿಗೆ ತುಂಬಿದ. ಆಮೇಲೆ ತಟ್ಟಿದಾಗ ಒಂದೊಂದು ಬೆಲ್ಲವೂ ಇಡಿಯಾಗಿ ಹೊರಬಂತು.

ಎತ್ತು ನೀರು ಕುಡಿಯುವಷ್ಟು ಹೊತ್ತು ಪಾಕ ಆರಬೇಕಿತ್ತು. ಅದನ್ನು ಮೊದಲು ಕಂಡುಕೊಂಡ ಯಾರೋ ಆ ಹೊತ್ತನ್ನು ಎತ್ತಿಗೆ ಕೊಟ್ಟಿದ್ದರು.

ರೈತ ಮೊದಲ ಬೆಲ್ಲವನ್ನು ಮುದುಕನ ಕೈಗಿಟ್ಟು ಕಾಲಿಗೆರಗಿದ. ನಂತರ ತನ್ನ ಗಾಣದ ಮುಂದೆ, ದಾರಿಯ ಬದಿಗೆ, ಒಂದು ಕಲ್ಲುಬಾನಿ ಇರಿಸಿದ. ಅಂದಿನಿಂದ ಪ್ರತಿ ಸಲ ಪಾಕ ಸುರಿದ ಮೇಲೆ ಬಾನಿಗೆ ನೀರು ತುಂಬಿ ಬರುತ್ತಿದ್ದ. ದಾರಿಯಲ್ಲಿ ಹೋಗುವ ಎತ್ತುಗಳು ಕುಡಿಯುತ್ತಿದ್ದವು.

ಕತೆ ಮುಗಿಯಿತು. ಶಿಷ್ಯೆ ತನ್ನ ಪ್ರೋಗ್ರಾಮನ್ನು ಮತ್ತೆ ತೆರೆದಳು.

"ತಕ್ಕಡಿ ಅಲುಗುವುದು ನಿಲ್ಲಲಿ ಎಂದು ಯಂತ್ರ ಎಣಿಸುತ್ತಿತ್ತು. ನಾನು ಅದನ್ನು ಬರೆದವರನ್ನೇ ಅನುಮಾನಿಸಿದೆ. ಅಷ್ಟೇ ಹೊತ್ತು ಕಾಯುವಂತೆ ಈಗಲೇ ಬರೆಯುತ್ತೇನೆ. ಆದರೆ ಹಳೆಯದರಲ್ಲಿ ಬರೆದವರ ಹೆಸರು ಎಲ್ಲೂ ಇಲ್ಲ, ಗುರುಗಳೇ. ಈ ಋಣವನ್ನು ಯಾರಿಗೆ ತೀರಿಸಲಿ?"

ಗುರುಗಳು ಕೇಳಿದರು: "ರೈತ ಬಾನಿಯನ್ನು ಯಾರಿಗೆಂದು ಇಟ್ಟನಮ್ಮಾ?"