ತಂಗಡಿ ಗಿಡಕ್ಕೆ ಕಪ್ಪೆಯ ಹಬ್ಬದೂಟ

ಮುಂಗುಸಿ ದುಗ್ಗ ಮೊದಲ ಸಲ ಮನೆ ಬಿಟ್ಟದ್ದು ನಾಗರಪಂಚಮಿಯ ದಿನ. ಊರವರೆಲ್ಲ ಹುತ್ತಕ್ಕೆ ಹಾಲೆರೆಯುವುದನ್ನು ಕಂಡು, "ಕಚ್ಚುವವನಿಗೆ ಹಾಲು, ಕಾಯುವವನಿಗೆ ಕಲ್ಲು! ಈ ಊರ ಸಹವಾಸವೇ ಸಾಕು," ಎಂದು ಬಾಲ ಎತ್ತಿ ಹೊರಟವನು, ಮಕ್ಕಳೇ, ಆಮೇಲೆ ಎಲ್ಲೂ ನೆಲೆ ನಿಲ್ಲಲಿಲ್ಲ.

ಹೀಗೆ ಅಲೆಯುತ್ತ ಒಂದು ಬೇಸಿಗೆಯಲ್ಲಿ ಹುಲ್ಲುಗಾವಲಿನ ನಡುವಿನ ನೀರಿನ ಕುಂಟೆಯೊಂದಕ್ಕೆ ಬಂದ. ಕುಂಟೆಯ ಮಣ್ಣಿನ ಏರಿಯಿಂದ ಇಳಿದರೆ ಬರೀ ನೊರಜುಗಲ್ಲು. ಅಲ್ಲಿ ಒಂದೇ ಒಂದು ತಂಗಡಿ ಗಿಡ. ಅದರ ಮರೆಯಲ್ಲಿ ಗೌಜಲು ಹಕ್ಕಿ ಮೊಟ್ಟೆಗಳ ಮೇಲೆ ಕೂತು ಅಳುತ್ತಿತ್ತು.

"ದೂರ ನಿಲ್ಲು! ನಿಮ್ಮ ವಂಶವೆಲ್ಲ ಮೊಟ್ಟೆಗಳ್ಳರು!"

"ನಿಜ. ಆದರೆ ಈಗ ಹೊಟ್ಟೆ ತುಂಬಿದೆ. ಯಾಕಕ್ಕ ಅಳ್ತೀಯ?"

"ಗಿಡದ ಎಲೆಯೆಲ್ಲ ಉದುರ್ತಿದೆ. ಮರೆ ಹೋದರೆ ಹದ್ದಿಗೆ ನನ್ನ ಗೂಡು ಕಾಣುತ್ತೆ!"

ದುಗ್ಗ ಗಿಡದ ಬುಡಕ್ಕೆ ಕಾಲಿಟ್ಟ. ಕಾಲು ಪಚಕ್ಕೆಂದು ಕೆಸರಿಗಿಳಿಯಿತು.

"ಏರಿ ಕೊರೆದು ಕಾಲುವೆ ಬಿಟ್ಟದ್ದು ನಾನೇ," ಎಂದಳು ಕುಂಟೆಯ ಕಪ್ಪೆ ಕೆಂಚಜ್ಜಿ, ಗಂಟಲುಬ್ಬಿಸಿ. "ಪಾಪ, ಬಿಸಿಲಲ್ಲಿ ನಿಂತಿತ್ತು. ನೀರಿಲ್ಲದೆ ಯಾರಾದರೂ ಬದುಕೋಕಾಗುತ್ತಾ?"

"ಅಜ್ಜಿ, ಇದು ಬಯಲಿನ ಗಿಡ. ಬುಡಕ್ಕೆ ಕಲ್ಲು, ತಲೆಗೆ ಬಿಸಿಲು, ಮಳೆ ಕೊಟ್ಟಷ್ಟು ನೀರು, ಅಷ್ಟಿದ್ದರೆ ರಾಣಿಯ ಹಾಗೆ ಇರುತ್ತೆ. ಈಗ ಬೇರು ಕೊಳೀತಿದೆ. ಕಾಲುವೆ ಮುಚ್ಚು."

"ಅಲೆಮಾರಿ ನನಗೆ ಬುದ್ಧಿ ಹೇಳ್ತಾನೆ! ನಾಳೆ ಇನ್ನೊಂದು ಕಾಲುವೆ ಬಿಡ್ತೀನಿ, ನೋಡ್ತಿರು."

ದುಗ್ಗ ಕೈಮುಗಿದ. "ತಪ್ಪಾಯ್ತಜ್ಜಿ. ನಿನ್ನಂಥ ದಾನಿಗೆ ನಾನೂ ಒಂದು ಊಟ ಹಾಕಬೇಕು, ಬಾ."

ಹೊಗಳಿಕೆಗೆ ಉಬ್ಬಿದ ಕೆಂಚಜ್ಜಿ ಅವನ ಬೆನ್ನೇರಿದಳು. ದುಗ್ಗ ಅವಳನ್ನು ನಡುಮಧ್ಯಾಹ್ನದ ಬಿಸಿಲಿಗೆ ಕಾದ ಬಂಡೆಯ ಮೇಲೆ ಇಳಿಸಿದ.

"ಅಯ್ಯಯ್ಯೋ, ಸುಡ್ತದೆ ಕಣೋ! ನೀರು! ನೀರು!"

"ಕೂತ್ಕೊಳಜ್ಜಿ, ಇನ್ನೂ ಪಾಯಸ ಬಡಿಸಿಲ್ಲ. ತಂಗಡಿಗೆ ಇದೇ ಹಬ್ಬದೂಟ. ನಿನ್ನೂಟ ನೀನು ಅದಕ್ಕೆ ಬಡಿಸಿದೆ, ಅದರೂಟ ನಾನು ನಿನಗೆ ಬಡಿಸಿದೆ. ತಪ್ಪೇನು?"

ಕೆಂಚಜ್ಜಿ ಎದ್ದುಬಿದ್ದು ಕುಂಟೆಗೆ ಹಾರಿದಳು. ಮೈ ತಣಿದ ಮೇಲೆ, "ಬಿಸಿಲನ್ನೇ ತಿಂದು ಸಾಯಲಿ!" ಎಂದು ಗೊಣಗುತ್ತ ಕಾಲುವೆಯ ಬಾಯಿಗೆ ಮಣ್ಣು ತುಂಬಿದಳು.

ತಂಗಡಿ ಸಾಯಲಿಲ್ಲ. ಅದು ಚಿಗುರುವವರೆಗೆ ದುಗ್ಗ ಮೊಟ್ಟೆಗಳಿಗೆ ಬೆನ್ನು ಹಾಕಿ ಕೂತು ಹದ್ದನ್ನು ಗದರಿಸಿದ. ಗಿಡದ ತುಂಬ ಹಳದಿ ಹೂ ತುಂಬುವ ಹೊತ್ತಿಗೆ ಮರಿಗಳು ಹೊರಬಂದವು.

"ಇಲ್ಲೇ ಇದ್ದುಬಿಡು ದುಗ್ಗಣ್ಣ, ಮಕ್ಕಳಿಗೆ ಮಾವನಾಗಿ," ಎಂದಿತು ಗೌಜಲು.

ದುಂಡುದುಂಡು ಮರಿಗಳನ್ನು ನೋಡಿ ದುಗ್ಗ ಗುಟುಕ್ಕನೆ ಜೊಲ್ಲು ನುಂಗಿದ.

"ಬೇಡಕ್ಕ. ಮಾವನಿಗೆ ಹಸಿವಾಗ್ತಿದೆ," ಎಂದವನೇ, ದಾರಿಯ ಬಯಲುಗಳಲ್ಲಿ ಬಿತ್ತಲೆಂದು ಒಣಗಿದ ತಂಗಡಿ ಕಾಯಿಗಳನ್ನು ಎಲೆಯಲ್ಲಿ ಸುತ್ತಿ, ಹೊರಡಲು ಲಗುಬಗೆಯಿಂದ ಗಂಟು ಕಟ್ಟತೊಡಗಿದ.

ನೀತಿ: ನಿನಗೆ ಬಾಯಾರಿದೆಯೆಂದು ಪಕ್ಕದವರಿಗೆ ನೀರು ಕುಡಿಸಬೇಡ, ಉಪಕಾರಕ್ಕೆ ಹೊರಡುವ ಮೊದಲು ಅವರಿಗೇನು ಬೇಕೆಂದು ನೋಡು.